ಕೇಳಿದವರಿಗೆ ಏನು ದಕ್ಕಿತು?

ವೈಟ್‌ಫೀಲ್ಡ್‌ನ ಐಟಿ ಪಾರ್ಕುಗಳಲ್ಲಿ ಕೆಲಸದ ಹೊತ್ತು ಮುಗಿದ ಮೇಲೂ ಕೆಲವು ಮೀಟಿಂಗ್ ರೂಮುಗಳಲ್ಲಿ ದೀಪ ಉರಿಯುತ್ತಿರುತ್ತದೆ. ಒಳಗೆ ಹದಿನೈದಿಪ್ಪತ್ತು ಮಂದಿ. ಒಬ್ಬರು ಎದ್ದು ನಿಂತು ಮಾತಾಡುತ್ತಿರುತ್ತಾರೆ. ಗಡಿಯಾರ ನೋಡುತ್ತ ಕುಳಿತ ಇನ್ನೊಬ್ಬರು ಐದನೇ ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಕಾರ್ಡು ಎತ್ತುತ್ತಾರೆ. ಮಾತಿನ ನಡುವೆ ನುಸುಳುವ ‘ಆ’, ‘ಮ್’, ‘ಸೋ’, ‘ಬೇಸಿಕಲಿ’ಗಳಿಗೆ ಗೀಟು ಹಾಕಿ ಲೆಕ್ಕ ಇಡಲು ಮತ್ತೊಬ್ಬರಿದ್ದಾರೆ. ವ್ಯಾಕರಣ ನೋಡುವವರು ಬೇರೆ. ಕೊನೆಗೆ ಮೌಲ್ಯಮಾಪಕರೊಬ್ಬರು ಎದ್ದು, ಮಾತಾಡಿದವರ ಎದುರಿನಲ್ಲೇ, ಎರಡು ಮೂರು ನಿಮಿಷದಲ್ಲಿ ಭಾಷಣದ ಗುಣದೋಷ ಹೇಳುತ್ತಾರೆ. ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳ ಪದ್ಧತಿ ಇದು.

ಈ ಪದ್ಧತಿಗೆ ನೂರು ವರ್ಷ ದಾಟಿದೆ. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸುವುದಕ್ಕೆ ಎರಡು ತಿಂಗಳ ಮೊದಲು, 1924ರ ಅಕ್ಟೋಬರ್ 22ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಿನ ವೈಎಂಸಿಎಯಲ್ಲಿ ರಾಲ್ಫ್ ಸ್ಮೆಡ್ಲಿ ಎಂಬ ಶಿಕ್ಷಣಾಧಿಕಾರಿ ಮೊದಲ ಕ್ಲಬ್ಬಿನ ಸಭೆ ನಡೆಸಿದರು. ಗುರುವಿಲ್ಲ, ಪಾಠವಿಲ್ಲ; ಕಲಿಯುವವರೇ ಒಬ್ಬರನ್ನೊಬ್ಬರು ತಿದ್ದಬೇಕು. ಹೆಂಗಸರಿಗೆ ಬಾಗಿಲು ತೆರೆದದ್ದು ಮಾತ್ರ 1973ರಲ್ಲಿ.

ಬೆಂಗಳೂರಿನ ಹೊರವಲಯ ಇದನ್ನು ಮೈಗೂಡಿಸಿಕೊಂಡದ್ದಕ್ಕೆ ಕಾರಣವಿದೆ. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಅಲ್ಲಿಗೆ ಬೇಕಿದ್ದವರು ಸರ್ಕ್ಯೂಟು ಬಲ್ಲವರು. ಇವತ್ತು ಅದೇ ಜಾಗದಲ್ಲಿ ಎಂಜಿನಿಯರ್ ಒಬ್ಬರ ದಿನದ ದೊಡ್ಡ ಭಾಗ ವಿವರಿಸುವುದರಲ್ಲೇ ಕಳೆಯುತ್ತದೆ. ಬೆಳಿಗ್ಗೆ ತಂಡದವರಿಗೆ, ಮಧ್ಯಾಹ್ನ ಮ್ಯಾನೇಜರಿಗೆ, ರಾತ್ರಿ ಸಮುದ್ರದಾಚೆಯ ಕ್ಲೈಂಟಿಗೆ. ಹಾಸನದಿಂದಲೋ ಬೀದರಿನಿಂದಲೋ ಬಂದು, ಕಾಲೇಜಿನಲ್ಲಿ ಒಮ್ಮೆಯೂ ಎದ್ದುನಿಂತು ಪ್ರಶ್ನೆ ಕೇಳದೆ ಪಾಸಾದ ಹುಡುಗಿಗೆ ಇಲ್ಲಿ ಬಡ್ತಿ ಬೇಕೆಂದರೆ ಬಾಯಿ ಬಿಡಲೇಬೇಕು. ಅಂಥವರಿಗೆ ವಾರಕ್ಕೊಮ್ಮೆ ತಪ್ಪು ಮಾಡಲು, ತಪ್ಪನ್ನು ಕೇಳಿಸಿಕೊಳ್ಳಲು ಒಂದು ಕೋಣೆ ಸಿಗುವುದು ಸಣ್ಣ ಸಂಗತಿಯಲ್ಲ.

ಅದರ ಬೆಲೆ ತಿಳಿಯಬೇಕಾದರೆ ನಮ್ಮ ಕನ್ನಡ ವೇದಿಕೆಯ ಕಡೆ ನೋಡಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ಧ್ವಜಾರೋಹಣ, ನಾಡಗೀತೆ, ದೀಪ ಬೆಳಗುವುದು, ಆಮೇಲೆ ಭಾಷಣ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗುವ ಮಾತು ಒಬ್ಬೊಬ್ಬರ ಹೆಸರು, ಹುದ್ದೆ, ಬಿರುದುಗಳನ್ನು ಮುಟ್ಟಿಕೊಂಡು ಬರುವಷ್ಟರಲ್ಲಿ ಸಭೆ ಅರ್ಧ ದಣಿದಿರುತ್ತದೆ. ಹಿಂದಿನವರು ಹೇಳಿದ್ದನ್ನೇ ಮುಂದಿನವರೂ ಹೇಳುತ್ತಾರೆ. ‘ಸಮಯದ ಅಭಾವದಿಂದ’ ಎಂಬ ಮಾತು ಬಂದ ಮೇಲೆ ಇನ್ನೂ ಕಾಲು ಗಂಟೆ ಇರುತ್ತದೆ. ಮುಗಿದ ಮೇಲೆ ಶಾಲು, ಹಾರ, ಫಲತಾಂಬೂಲ, ‘ಬಹಳ ಚೆನ್ನಾಗಿ ಮಾತಾಡಿದ್ರಿ ಸಾರ್’ ಎಂಬ ಮಾತು. ಊಟದ ಸಾಲಿನಲ್ಲಿ ಕೇಳುಗರು ಬೇರೆಯೇ ಮಾತಾಡಿಕೊಳ್ಳುತ್ತಾರೆ, ಅದು ಭಾಷಣಕಾರರ ಕಿವಿಗೆ ಬೀಳುವುದಿಲ್ಲ. ಹೀಗೆ ಇಪ್ಪತ್ತು ವರ್ಷ ವೇದಿಕೆ ಹತ್ತಿದ ಒಬ್ಬ ಒಳ್ಳೆಯ ಓದುಗ, ತನ್ನ ಮಾತು ಎಲ್ಲಿ ಸಡಿಲವಾಗುತ್ತದೆ ಎಂದು ಒಮ್ಮೆಯೂ ತಿಳಿಯದೆ ಉಳಿದುಬಿಡಬಹುದು. ನಮ್ಮ ಮರ್ಯಾದೆ ಅವರಿಗೆ ಮಾಡುವ ಅನ್ಯಾಯ ಇದು.

ಹಾಗಾದರೆ ಕನ್ನಡ ಸಭೆಗಳಿಗೂ ಮೂರು ಬಣ್ಣದ ಕಾರ್ಡು, ‘ಆ’ ಎಣಿಸುವವರು ಬಂದರೆ ಸಾಕೇ? ಸಾಲದು. ಆ ಕೋಣೆಯಲ್ಲಿ ಎಣಿಕೆಗೆ ಸಿಗುವ ತಪ್ಪುಗಳೇ ಮುಖ್ಯ ತಪ್ಪುಗಳೆಂದು ನಂಬಿಬಿಡುವ ಅಪಾಯವಿದೆ. ಭಾಷಣಕಾರ ತನ್ನಲ್ಲಿ ಹುಡುಕುವ ದೋಷಗಳಿಗೂ ಕೇಳುಗನಿಗೆ ತೊಡಕಾಗುವ ದೋಷಗಳಿಗೂ ಬಹಳ ಸಲ ಸಂಬಂಧವೇ ಇರುವುದಿಲ್ಲ.

‘ಆ’, ‘ಮ್’ಗಳನ್ನೇ ತೆಗೆದುಕೊಳ್ಳಿ. ಭಾಷಾಮನೋವಿಜ್ಞಾನಿಗಳಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಇಂಗ್ಲಿಷ್ ಮಾತುಕತೆಗಳನ್ನು ಪರಿಶೀಲಿಸಿ, ಇವು ಬರೀ ಕಸವಲ್ಲ, ‘ಸ್ವಲ್ಪ ತಡೆಯಿರಿ, ಮಾತು ಬರುತ್ತಿದೆ’ ಎಂದು ಕೇಳುಗನಿಗೆ ಕೊಡುವ ಸೂಚನೆ ಎಂದು ವಾದಿಸಿದರು. ಒಂದು ಸಣ್ಣ ತಡೆಗೆ, ಇನ್ನೊಂದು ದೊಡ್ಡ ತಡೆಗೆ. ನಮ್ಮ ‘ಏನಪ್ಪಾ ಅಂದ್ರೆ’ ಕೂಡ ಮಾಡುವುದು ಬಹುಪಾಲು ಇದೇ ಕೆಲಸ. ಮಾತಿಗೊಂದು ‘ಅಂದ್ರೆ’ ಬಂದರೆ ಕಿವಿಗೆ ಹಿಂಸೆ, ನಿಜ. ಆದರೆ ಅವೊಂದೂ ಇಲ್ಲದೆ, ಒಂದೇ ಉಸಿರಿಗೆ, ಬಾಯಿಪಾಠದಂತೆ ಹರಿಯುವ ಭಾಷಣಕ್ಕಿಂತ ಯೋಚಿಸುತ್ತ, ತಡೆಯುತ್ತ ಆಡುವ ಮಾತಿಗೆ ಜನ ಹೆಚ್ಚು ಕಿವಿಗೊಟ್ಟಾರು.

ನಡುಕದ ಕಥೆಯೂ ಹೀಗೆಯೇ. ಕೈ ನಡುಗಿತು, ಗಂಟಲು ಒಣಗಿತು, ಎಲ್ಲರಿಗೂ ಗೊತ್ತಾಗಿಹೋಯಿತು ಎಂದು ಹೊಸಬರು ಕುಗ್ಗುತ್ತಾರೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಹೇಳಿದವು: ಭಾಷಣಕಾರರು ಊಹಿಸಿದಷ್ಟು ಅಳುಕು ಕೇಳುಗರಿಗೆ ಕಂಡೇ ಇರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ‘ನಿಮ್ಮ ಒಳಗಿನ ಕಳವಳ ನೀವು ತಿಳಿದಷ್ಟು ಹೊರಗೆ ಕಾಣುವುದಿಲ್ಲ’ ಎಂದು ಮೊದಲೇ ತಿಳಿಸಿದಾಗ ಅವರು ಇನ್ನೂ ಚೆನ್ನಾಗಿ ಮಾತಾಡಿದರು. ತನ್ನ ಮೇಲಿನ ಕಣ್ಣು ಸಡಿಲವಾದದ್ದೇ ಸುಧಾರಣೆಗೆ ದಾರಿಯಾಯಿತು.

ಇದಕ್ಕೆ ಬಲ ಕೊಡುವ ದೊಡ್ಡ ಅಧ್ಯಯನವೊಂದಿದೆ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ 1996ರಲ್ಲಿ ವಿಮರ್ಶೆ, ಪ್ರತಿಕ್ರಿಯೆಗಳ ಮೇಲಿನ ಹಳೆಯ ಸಂಶೋಧನೆಗಳನ್ನೆಲ್ಲ ಕಲೆಹಾಕಿ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ತೂಗಿದರು. ಸರಾಸರಿಯಲ್ಲಿ ವಿಮರ್ಶೆಯಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ವಿಮರ್ಶೆ ಕೇಳಿದ ಮೇಲೆ ಕೆಲಸ ಕೆಟ್ಟಿತ್ತು! ಅವರು ಕೊಟ್ಟ ವಿವರಣೆ ಮನನೀಯ: ವಿಮರ್ಶೆ ಕೆಲಸದ ಮೇಲಿನ ಗಮನವನ್ನು ಎಳೆದು ‘ನಾನು ಎಂಥವನು’ ಎಂಬುದರ ಮೇಲೆ ಇಟ್ಟಷ್ಟೂ ಅದರ ಫಲ ಕುಗ್ಗುತ್ತದೆ. ‘ನಿಮಗೆ ಆತ್ಮವಿಶ್ವಾಸ ಸಾಲದು’ ಎಂದರೆ ಮನಸ್ಸು ತನ್ನನ್ನೇ ಕೆದಕಿಕೊಳ್ಳುತ್ತದೆ. ‘ಎರಡನೇ ಸ್ಲೈಡಿನಲ್ಲಿ ಬೆಲೆ ಯಾಕೆ ಏರಿತು ಅನ್ನುವುದು ನನಗೆ ತಿಳಿಯಲಿಲ್ಲ’ ಎಂದರೆ ಮಾಡಬೇಕಾದ ಕೆಲಸ ಕೈಗೆ ಸಿಗುತ್ತದೆ. ಹೊಗಳಿಕೆ, ನಡುವೆ ಒಂದು ತೆಗಳಿಕೆ, ಮತ್ತೆ ಹೊಗಳಿಕೆ ಎಂದು ಪದರ ಕಟ್ಟುವ ರೂಢಿ ಕಾರ್ಪೊರೇಟ್ ಕೋಣೆಗಳಲ್ಲಿದೆಯಲ್ಲ, ಅದು ನೋವು ತಪ್ಪಿಸುವ ಜಾಣತನ. ಮಾತಿನ ಯಾವ ಕೀಲು ಸಡಿಲವಾಗಿದೆ ಎಂದು ಅದು ತೋರಿಸದಿದ್ದರೆ ಪ್ರಯೋಜನವಿಲ್ಲ.

ಈ ನಾಡಿನಲ್ಲಿ ‘ನಾನು ಎಂಥವನು’ ಎಂಬ ಪ್ರಶ್ನೆ ಇನ್ನೂ ಕಹಿಯಾಗಿ ಬರುವುದುಂಟು. ಮಂಡ್ಯ, ಕೋಲಾರ, ಚಾಮರಾಜನಗರದ ಕಡೆಯಿಂದ ಬಂದವರ ಬಾಯಲ್ಲಿ ‘ಹಾಲು’ ‘ಆಲು’ ಆದರೆ ಸಭೆಯಲ್ಲಿ ಕಿಸಕ್ಕನೆ ನಗು ಏಳುತ್ತದೆ. ಅದೇ ವ್ಯಕ್ತಿ ಇಂಗ್ಲಿಷಿನಲ್ಲಿ ಮಾತಾಡಿದರೆ ಉಚ್ಚಾರಣೆ ‘ನ್ಯೂಟ್ರಲ್’ ಆಗಬೇಕೆಂಬ ಸಲಹೆ ಬರುತ್ತದೆ. ಮಹಾಪ್ರಾಣವನ್ನು ಕನ್ನಡಿಗರು ಸಾಮಾನ್ಯವಾಗಿ ಅಲ್ಪಪ್ರಾಣವಾಗಿಯೇ ಉಚ್ಚರಿಸುತ್ತಾರೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದರು. ಆದರೂ ವೇದಿಕೆಯಲ್ಲಿ ಒತ್ತಿ ಹೇಳದವರು ತಪ್ಪಿತಸ್ಥರೆಂಬ ಭಾವನೆ ಹೋಗಿಲ್ಲ. ಇಂಥ ತಿದ್ದುವಿಕೆ ಮಾತನ್ನು ತಿದ್ದುವುದಿಲ್ಲ, ಹುಟ್ಟನ್ನು ಹಂಗಿಸುತ್ತದೆ. ಅದನ್ನೇ ಆತ್ಮವಿಮರ್ಶೆ ಎಂದು ಒಳಗಿಳಿಸಿಕೊಂಡ ಎಷ್ಟೋ ಜನ, ಹೇಳಲು ವಿಷಯವಿದ್ದೂ, ಹಿಂದಿನ ಸಾಲಿನಲ್ಲೇ ಉಳಿದಿದ್ದಾರೆ.

ಹಾಗಾದರೆ ನಿಜವಾದ ದೋಷ ಎಲ್ಲಿರುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ 1990ರಲ್ಲಿ ಪಿಎಚ್‌ಡಿಗಾಗಿ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಎದುರಿಗೆ ಕುಳಿತವರು ಹಾಡು ಯಾವುದೆಂದು ಹೇಳಬೇಕು. ತಟ್ಟಿದವರು ಅರ್ಧದಷ್ಟಾದರೂ ಗುರುತಿಸಿಯಾರು ಎಂದುಕೊಂಡರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರು. ತಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಕೇಳುತ್ತಿತ್ತು; ಕೇಳುವವರಿಗೆ ತಲುಪಿದ್ದು ಬರೀ ಟಕಟಕ.

ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ಡೆಮೊಗಳು ಹೀಗೆಯೇ ನಡೆಯುತ್ತವೆ. ಮಾತಾಡುವ ಎಂಜಿನಿಯರ್ ಆ ಸಾಫ್ಟ್‌ವೇರಿನ ಜೊತೆ ಆರು ತಿಂಗಳು ಬಾಳಿದ್ದಾರೆ. ಯಾವ ತೊಂದರೆಗೆ ಇದು ಪರಿಹಾರ ಎಂಬುದು ಅವರಿಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಹೇಳುವುದನ್ನೇ ಮರೆಯುತ್ತಾರೆ. ಮೊದಲ ಸ್ಲೈಡಿನಲ್ಲೇ ನಾಲ್ಕು ಸಂಕ್ಷೇಪಾಕ್ಷರ, ಎರಡನೆಯದರಲ್ಲಿ ಬಾಣಗಳು ತುಂಬಿದ ನಕ್ಷೆ. ಬೇರೆ ವಿಭಾಗದಿಂದ ಬಂದು ಕುಳಿತವರು ಮೂರನೇ ನಿಮಿಷಕ್ಕೆ ಫೋನು ತೆಗೆಯುತ್ತಾರೆ. ಆ ಎಂಜಿನಿಯರ್ ಮನೆಗೆ ಹೋಗುವಾಗ ಏನೆಂದು ಕೊರಗುತ್ತಾರೆ? ‘ಇಂಗ್ಲಿಷ್ ತಡವರಿಸಿತು, ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.’ ಕೇಳಿದವರ ದೂರು ಅದಲ್ಲವೇ ಅಲ್ಲ. ಅವರಿಗೆ ಬೇಕಿದ್ದದ್ದು ಒಂದು ವಾಕ್ಯ: ಇದು ಇಲ್ಲದಿದ್ದಾಗ ನಿಮಗೆ ಏನು ಕಷ್ಟವಾಗುತ್ತಿತ್ತು ಎನ್ನುವುದು.

ಪೀಣ್ಯದಲ್ಲಿ ಇದೇ ಮಾತಿಗೆ ಬೇರೆ ತೂಕ. ಅಲ್ಲಿನ ಸಾವಿರಾರು ಸಣ್ಣ ಘಟಕಗಳಲ್ಲಿ ಮಾತು ವೇದಿಕೆ ಹತ್ತುವುದಿಲ್ಲ. ಪಾಳಿ ಶುರುವಾಗುವ ಮುನ್ನ ಮೆಷಿನ್ನುಗಳ ನಡುವೆ ನಿಂತು ಸೂಪರ್‌ವೈಸರ್ ಐದು ನಿಮಿಷ ಹೇಳುವುದೇ ಭಾಷಣ. ಟೂಲ್ ಬಾಕ್ಸ್ ಟಾಕ್ ಎಂದು ಅದಕ್ಕೆ ಹೆಸರು. ಎದುರಿಗೆ ನಿಂತವರಲ್ಲಿ ರಾಯಚೂರಿನವರಿದ್ದಾರೆ, ಒಡಿಶಾದವರಿದ್ದಾರೆ, ನಿನ್ನೆಯಷ್ಟೇ ಸೇರಿದ ಬಿಹಾರದ ಹುಡುಗನಿದ್ದಾನೆ. ಪ್ರೆಸ್ಸಿನಲ್ಲಿ ಶೀಟು ಸಿಕ್ಕಿಕೊಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು, ಬೀಗ ಹಾಕಬೇಕು, ಆಮೇಲೆ ಡೈ ಹತ್ತಿರ ಕೈ ಹೋಗಬೇಕು ಎಂದು ಹೇಳಬೇಕಾಗಿದೆ. ಎರಡು ಕೈಯ ಬಟನ್ನಿಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸಬೇಡಿ ಎನ್ನಬೇಕಾಗಿದೆ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ತಲೆ ಆಡಿಸಿದ್ದನ್ನು ನಂಬಿದರೆ ಬೆರಳು ಹೋಗುತ್ತದೆ.

ಈ ತಲೆಯಾಟದ ಅಪಾಯ ಕೈಗಾರಿಕೆಗೆ ಹಿಂದೆಯೇ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಅಮೆರಿಕದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರನ್ನು ಬೇಗ ತಯಾರು ಮಾಡಬೇಕಾಗಿ ಬಂದಾಗ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಕಾರ್ಯಕ್ರಮ ಶುರುವಾಯಿತು. ಯುದ್ಧದ ನಂತರ ಜಪಾನಿನವರು ಅದನ್ನು ಇನ್ನೂ ಶ್ರದ್ಧೆಯಿಂದ ಬಳಸಿದರು. ಅದರ ಪಾಠಕ್ರಮದಲ್ಲಿ ನಾಲ್ಕು ಹೆಜ್ಜೆಗಳಿದ್ದವು: ಕೆಲಸಗಾರನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ಮೂರನೇ ಹೆಜ್ಜೆಯಲ್ಲಿ ಕೆಲಸಗಾರ ಬರೀ ಮಾಡಿದರೆ ಸಾಲದು, ಮಾಡುತ್ತ ಮುಖ್ಯ ಅಂಶಗಳನ್ನು ತನ್ನ ಬಾಯಿಂದ ವಿವರಿಸಬೇಕು. ಅವನಿಗೆ ಬರದಿದ್ದರೆ ಕಲಿಸಿದವನು ಕಲಿಸಿಲ್ಲ ಎಂಬುದೇ ಆ ಕ್ರಮದ ತಳಹದಿ. ಭಾಷಣಕಾರನ ಆತ್ಮವಿಮರ್ಶೆಗೆ ಇದಕ್ಕಿಂತ ಕಟ್ಟುನಿಟ್ಟಾದ ಅಳತೆ ಇಲ್ಲ. ವೈಟ್‌ಫೀಲ್ಡ್‌ನ ಮೌಲ್ಯಮಾಪಕರು ಪೀಣ್ಯದ ಒಬ್ಬ ಒಳ್ಳೆಯ ಸೂಪರ್‌ವೈಸರಿನಿಂದ ಕಲಿಯಬೇಕಾದದ್ದು ಇದನ್ನೇ: ಮಾತು ಹೇಗಿತ್ತು ಎಂದು ಕೇಳುವ ಮೊದಲು, ಕೇಳಿದವನ ಬಾಯಲ್ಲಿ ಅದು ಹೇಗೆ ಹೊರಬರುತ್ತದೆ ನೋಡಬೇಕು.

ಕನ್ನಡಕ್ಕೆ ಇದು ಹೊಸದಲ್ಲ. ಕರಾವಳಿ, ಕಾಸರಗೋಡು, ಮಲೆನಾಡುಗಳ ತಾಳಮದ್ದಳೆಯಲ್ಲಿ ಮಾತಾಡಿದ ಮರುಗಳಿಗೆಗೆ ಎದುರಾಳಿಯ ಬಾಯಿಂದಲೇ ಪರೀಕ್ಷೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಅದಕ್ಕೆ ಆಶುವಾಗಿ ಮಾತು ಕಟ್ಟುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ ರಾಮನ ಪಾತ್ರಧಾರಿ ಅಲ್ಲಿಯೇ ಉತ್ತರ ಹುಡುಕಬೇಕು. ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳದೆ ಮನೆಯಲ್ಲಿ ಕಲಿತುಬಂದದ್ದನ್ನು ಒಪ್ಪಿಸಿದರೆ ಮುಂದಿನ ಮಾತಿನಲ್ಲಿ ವಾಲಿ ಅದನ್ನು ಬಯಲಿಗೆಳೆಯುತ್ತಾನೆ. ಎಳೆದಾಡಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡುಬಿಡುತ್ತಾರೆ. ಕೆಂಪು ಕಾರ್ಡಿಗಿಂತ ಅದು ಖಚಿತ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಸಾಮಗ ಸಹೋದರರು ಬೆಳೆದದ್ದು ಈ ಪರಂಪರೆಯಲ್ಲಿ. ಅಲ್ಲಿ ಒಳ್ಳೆಯ ಮಾತುಗಾರನೆಂದರೆ ಮೊದಲು ಒಳ್ಳೆಯ ಕೇಳುಗ. ಅಬ್ಬರಕ್ಕೆ, ಚಪ್ಪಾಳೆಗೆ ಬಲಿಬೀಳುವ ಅಪಾಯ ತಾಳಮದ್ದಳೆಗೂ ಇದೆ, ವಿಮರ್ಶಕರು ಅದನ್ನು ಹೇಳುತ್ತಲೂ ಬಂದಿದ್ದಾರೆ. ಆದರೆ ಎದುರು ಮಾತಿಲ್ಲದ ಭಾಷಣವೆಂಬುದು ಅಲ್ಲಿ ಇಲ್ಲ. ಕರಾವಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ಇಂದಿಗೂ ನಗರದಲ್ಲಿ ತಾಳಮದ್ದಳೆ ಕೂಟ ನಡೆಸುತ್ತಾರೆ. ಹಗಲು ಸ್ಲೈಡು ತೋರಿಸುವವರು ಒಂದು ಸಂಜೆ ಅಲ್ಲಿ ಹೋಗಿ ಕುಳಿತರೆ ವೃಥಾ ಆಗದು.

ತನ್ನ ಮೇಲಿನ ಗಮನ ವಿಷಯದ ಮೇಲೆ ಬಿದ್ದಾಗ ಮನುಷ್ಯ ಎಷ್ಟು ಬದಲಾಗಬಹುದು ಎಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಗಿಂತ ಬೇರೆ ಸಾಕ್ಷಿ ಬೇಡ. ಲಂಡನ್ನಿನ ಸಸ್ಯಾಹಾರಿ ಸಂಘದ ಸಮಿತಿಯಲ್ಲಿ ಅವರಿಗೆ ಬಾಯಿ ಬರಲಿಲ್ಲ. ಬರೆದು ತಂದದ್ದನ್ನು ಬೇರೆಯವರು ಓದಬೇಕಾಯಿತು. ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಮುಂಬೈನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು, ತಲೆ ಸುತ್ತಿದಂತಾಗಿ ಕುಳಿತುಬಿಟ್ಟರು. ಆದರೆ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯ, ನೈರ್ಮಲ್ಯ, ತಮ್ಮತಮ್ಮಲ್ಲಿನ ಭೇದಭಾವ ಮುಂತಾದ ಸಂಗತಿಗಳನ್ನು ನೇರವಾಗಿ ಮುಂದಿಟ್ಟರು. ತಮ್ಮ ಮೊದಲ ಸಾರ್ವಜನಿಕ ಭಾಷಣ ಅದೇ ಎಂದು ಅವರೇ ಬರೆದಿದ್ದಾರೆ. ನಡುವೆ ಅವರು ಯಾವ ಭಾಷಣ ತರಬೇತಿಗೂ ಹೋಗಿರಲಿಲ್ಲ. ಆ ವರ್ತಕರು ಬಿಳಿಯರಿಂದ ಏನೇನು ಅನುಭವಿಸುತ್ತಿದ್ದಾರೆಂದು ವಿಚಾರಿಸಿ, ವಿಷಯ ಸಿದ್ಧಮಾಡಿಕೊಂಡು ಹೋಗಿದ್ದರು. ಸಭೆಯಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ ಎಂದು ಕಂಡಾಗ, ಬೇಕಾದವರಿಗೆ ಕಲಿಸುತ್ತೇನೆಂದು ಮುಂದಾದರು. ಕಲಿಯಲು ಬಂದವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು. ಕೇಳುಗರ ಬಗ್ಗೆ ಇಷ್ಟು ಕಾಳಜಿ ಇದ್ದವರಿಗೆ ಕೈ ಎಲ್ಲಿಡಬೇಕೆಂಬ ಚಿಂತೆ ಉಳಿಯುವುದಿಲ್ಲ.

ಧ್ವನಿಮುದ್ರಣ ಕೇಳಿಕೊಳ್ಳುವ ಅಭ್ಯಾಸದ ಬಗ್ಗೆ ಒಂದು ಮಾತು. ಫೋನಿನಲ್ಲಿ ತಮ್ಮ ದನಿ ಕೇಳಿದ ಕೂಡಲೇ ಹಲವರು ನಾಚಿ ಆರಿಸಿಬಿಡುತ್ತಾರೆ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಎಲುಬಿನ ಮೂಲಕವೂ ಒಳಕಿವಿಗೆ ಮುಟ್ಟುವುದರಿಂದ ನಮಗೆ ಅದು ತುಂಬಿದಂತೆ ಕೇಳುತ್ತದೆ. ಮುದ್ರಣದಲ್ಲಿ ಆ ಪಾಲು ಇರುವುದಿಲ್ಲ. ಉಳಿದವರು ಮೊದಲಿಂದಲೂ ಕೇಳುತ್ತಿರುವುದು ಅದೇ ತೆಳು ದನಿಯನ್ನು, ಅವರಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಆದ್ದರಿಂದ ದನಿಯನ್ನು ಬಿಟ್ಟು ಕೇಳಬೇಕು. ಭಾಷಣ ಆಡಿದ ದಿನವೇ ಬೇಡ, ವಾರ ಕಳೆದು, ವಿಷಯ ಅರ್ಧ ಮರೆತ ಮೇಲೆ ಕೇಳಿದರೆ ಕೇಳುಗನ ಜಾಗದಲ್ಲಿ ಕೂರುವುದು ಸ್ವಲ್ಪ ಸುಲಭ. ಎಲ್ಲಿ ಮನಸ್ಸು ಬೇರೆಡೆ ಹೋಯಿತೋ ಆ ನಿಮಿಷವನ್ನು ಬರೆದಿಟ್ಟುಕೊಂಡರೆ ಸಾಕು.

ಇಷ್ಟಾದರೂ ಒಂಟಿಯಾಗಿ ಮಾಡುವ ಆತ್ಮವಿಮರ್ಶೆಗೆ ಮಿತಿಯಿದೆ, ಯಾಕೆಂದರೆ ತಲೆಯೊಳಗಿನ ಹಾಡು ತಟ್ಟಿದವರಿಗೆ ಸದಾ ಕೇಳುತ್ತಲೇ ಇರುತ್ತದೆ. ಹೊರಗಿನ ಕಿವಿ ಬೇಕು, ಅದನ್ನು ಕಾರ್ಯಕ್ರಮದ ಭಾಗವಾಗಿಯೇ ಒದಗಿಸಬೇಕು. ಕಂಪನಿಗಳ ಕನ್ನಡ ಸಂಘಗಳು, ಕಾರ್ಖಾನೆಗಳ ರಾಜ್ಯೋತ್ಸವ ಸಮಿತಿಗಳು ಬರುವ ನವೆಂಬರಿನಿಂದಲೇ ಇದನ್ನು ಶುರುಮಾಡಬಹುದು. ಸಭಿಕರಲ್ಲಿ ಇಬ್ಬರಿಗೆ ಮೊದಲೇ ಹೇಳಿಟ್ಟು, ಭಾಷಣ ಮುಗಿದ ಮೇಲೆ, ತಮಗೆ ದಕ್ಕಿದ್ದೇನು ಎಂದು ತಮ್ಮ ಮಾತಿನಲ್ಲಿ ಹೇಳಿಸುವುದು. ಒಬ್ಬರು ಆಫೀಸಿನವರಾದರೆ ಇನ್ನೊಬ್ಬರು ಕ್ಯಾಂಟೀನಿನವರೋ ಸೆಕ್ಯೂರಿಟಿಯವರೋ ಆಗಿರಲಿ. ಹೊಗಳಿಕೆ ಬೇಡ, ದೋಷಪಟ್ಟಿಯೂ ಬೇಡ. ತಲುಪಿದ್ದು ಯಾವುದು, ಎಲ್ಲಿ ದಾರಿ ತಪ್ಪಿತು, ಎರಡೇ ಪ್ರಶ್ನೆ. ಹೊರಗಿನ ಅತಿಥಿಗಳಿಗೆ ಮುಜುಗರವಾದೀತೆಂಬ ಅಳುಕು ಸಹಜ. ಹಾಗಿದ್ದರೆ ಮೊದಲ ವರ್ಷ ಅತಿಥಿಗಳನ್ನು ಬಿಟ್ಟು, ಸಂಘದ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ಮಾತುಗಳನ್ನೇ ಈ ಪರೀಕ್ಷೆಗೆ ಒಡ್ಡಬಹುದು. ವಾರ್ಷಿಕ ವರದಿಯ ವಾಚನದಲ್ಲಿ ಐದು ನಿಮಿಷ ಉಳಿಸಿದರೆ ಅದಕ್ಕೆ ಬೇಕಾದ ಸಮಯ ಸಿಗುತ್ತದೆ.